ಸೋತ ಕಾರಿನ ಲೆಕ್ಕ: ಹೋದ ಹಣ ಮತ್ತು ಹಾಕಬೇಕಾದ ಹಣ

ಮಾರುಕಟ್ಟೆಯಲ್ಲಿ ಓಡದ ಸರಕಿನ ಮೇಲೆ ಮತ್ತೆ ಮತ್ತೆ ಹಣ ತೊಡಗಿಸುವುದು ಅನೇಕ ಉದ್ಯಮಿಗಳ ದೌರ್ಬಲ್ಯ. "ಇಷ್ಟು ಹಾಕಿಯಾಗಿದೆ, ಈಗ ಬಿಡುವುದು ಹೇಗೆ?" ಎಂಬುದೇ ಅವರ ವಾದ. ಈ ವಾದದ ದೋಷವನ್ನು ಫಾರ್ಮುಲಾ ಒನ್ ಕಾರು ಪಂದ್ಯದ ಒಂದು ಪ್ರಕರಣ ಸ್ಪಷ್ಟಪಡಿಸುತ್ತದೆ.

ಪ್ರಕರಣ

ಜಪಾನಿನ ಹೋಂಡಾ ಕಂಪನಿಯ ತಂಡವು 2007ರಲ್ಲಿ ಗಳಿಸಿದ್ದು ಕೇವಲ 6 ಅಂಕ. 2008ರ 18 ಪಂದ್ಯಗಳಲ್ಲಿ ದೊರೆತದ್ದು 14 ಅಂಕ ಹಾಗೂ 9ನೇ ಸ್ಥಾನ. ಕಾರಿನಲ್ಲೇ ದೋಷವಿತ್ತು. ಆದರೆ 2009ರಿಂದ ಕಾರಿನ ವಿನ್ಯಾಸದ ನಿಯಮಗಳು ಬದಲಾಗಲಿದ್ದವು. ತಂಡದ ಮುಖ್ಯಸ್ಥ ರಾಸ್ ಬ್ರಾನ್ ಅವರು ಹಳೆಯ ಕಾರಿನ ಸುಧಾರಣೆಯನ್ನು ಬೇಗನೆ ನಿಲ್ಲಿಸಿ, ಶ್ರಮ ಮತ್ತು ಹಣವನ್ನು ಮುಂದಿನ ವರ್ಷದ ಕಾರಿಗೆ ತಿರುಗಿಸಿದರು. ಹಳೆಯ ಕಾರು ಪಂದ್ಯಗಳಲ್ಲಿ ಓಡುತ್ತಲೇ ಇತ್ತು; ಅದರ ಮೇಲಿನ ಹೊಸ ವೆಚ್ಚ ಮಾತ್ರ ನಿಂತಿತು.

ವಿಶ್ವದ ಆರ್ಥಿಕ ಹಿಂಜರಿತದ ನಡುವೆ, 2008ರ ಡಿಸೆಂಬರ್‌ನಲ್ಲಿ ಹೋಂಡಾ ಈ ಕ್ರೀಡೆಯಿಂದ ಹಿಂದೆ ಸರಿಯಿತು. 2009ರ ಮಾರ್ಚ್‌ನಲ್ಲಿ ಬ್ರಾನ್ ಅವರೇ ತಂಡವನ್ನು ನಾಮಮಾತ್ರ ಬೆಲೆಗೆ ಕೊಂಡರು. ಮರ್ಸಿಡಿಸ್ ಎಂಜಿನ್ ಅಳವಡಿಸಿದ ಆ ಹೊಸ ಕಾರು 17 ಪಂದ್ಯಗಳಲ್ಲಿ 8ನ್ನು ಗೆದ್ದು, ಚಾಲಕ ಹಾಗೂ ತಂಡ ಎರಡೂ ಪ್ರಶಸ್ತಿಗಳನ್ನು ತಂದಿತು.

ಲೆಕ್ಕದ ಪಾಠ

ಒಮ್ಮೆ ವ್ಯಯವಾಗಿ ಮರಳಿ ಬಾರದ ಹಣವನ್ನು 'ಸಂಕ್ ಕಾಸ್ಟ್' ಎನ್ನುತ್ತೇವೆ. ಮುಂದಿನ ನಿರ್ಧಾರದಲ್ಲಿ ಅದಕ್ಕೆ ಸ್ಥಾನವಿಲ್ಲ. ಒಬ್ಬ ತಯಾರಕರು ಒಂದು ಡೈಗೆ 4 ಲಕ್ಷ ರೂ. ವೆಚ್ಚ ಮಾಡಿದ್ದಾರೆಂದು ಭಾವಿಸೋಣ. ಒಂದು ನಗದ ಮಾರಾಟ ಬೆಲೆ 100 ರೂ.; ಕಚ್ಚಾ ಮಾಲು, ಕೂಲಿ, ವಿದ್ಯುತ್ ಸೇರಿ 92 ರೂ.; ಉಳಿಯುವುದು 8 ರೂ. ಡೈ ಸುಧಾರಿಸಲು ಇನ್ನೂ 1 ಲಕ್ಷ ಹಾಕಿದರೆ, ಅದು ಮರಳಿ ಬರಲು 12,500 ನಗಗಳು ಹೆಚ್ಚುವರಿಯಾಗಿ ಮಾರಾಟವಾಗಬೇಕು. ಹೆಚ್ಚುವ ಮಾರಾಟ 5,000 ನಗ ಮಾತ್ರವಾದರೆ ದೊರೆಯುವುದು 40,000 ರೂ.; ನಷ್ಟ 60,000 ರೂ. ಹಿಂದಿನ 4 ಲಕ್ಷದ ಪ್ರಸ್ತಾಪವೇ ಇಲ್ಲಿ ಬರುವುದಿಲ್ಲ. ಆದರೆ ಇರುವ ಡೈಯಿಂದಲೇ ಬೇಡಿಕೆ ಇರುವಷ್ಟು ಕಾಲ ತಯಾರಿಸಬಹುದು. ನಗಕ್ಕೆ 8 ರೂ. ಉಳಿಯುತ್ತದೆ.

ಎಚ್ಚರಿಕೆ

ಈ ಪ್ರಕರಣಕ್ಕೆ ಇನ್ನೊಂದು ಮುಖವೂ ಇದೆ. ಬಿತ್ತನೆಯ ವೆಚ್ಚ ಭರಿಸಿದ ಹೋಂಡಾಕ್ಕೆ ಫಸಲು ದಕ್ಕಲಿಲ್ಲ. ಗೆದ್ದ ತಂಡವೂ ಹಣದ ಅಭಾವದಿಂದ ನೂರಾರು ನೌಕರರನ್ನು ಕಳೆದುಕೊಂಡಿತು. ಮೊದಲ 7 ಪಂದ್ಯಗಳಲ್ಲಿ 6ನ್ನು ಗೆದ್ದಿದ್ದ ಜೆನ್ಸನ್ ಬಟನ್ ಅವರಿಗೆ ಆ ವರ್ಷ ಮತ್ತೆ ಗೆಲುವು ಸಿಗಲಿಲ್ಲ. ಹೊಸ ಸರಕಿನ ಯೋಜನೆ ಎಷ್ಟೇ ಉತ್ತಮವಾಗಿರಲಿ, ಅದು ಫಲ ನೀಡುವವರೆಗೆ ಕೈಯಲ್ಲಿ ದುಡಿಯುವ ಬಂಡವಾಳ ಇರಲೇಬೇಕು.

ಆದುದರಿಂದ ವರ್ಷಾಂತ್ಯದ ಲೆಕ್ಕ ಮುಗಿಸುವ ಮುನ್ನ ಪ್ರತಿಯೊಂದು ಸರಕಿನ ಬಗ್ಗೆ ಮೂರು ಪ್ರಶ್ನೆ ಕೇಳಿಕೊಳ್ಳಿ:

1. ಇನ್ನು ಮುಂದೆ ಹಾಕುವ ಹಣವಷ್ಟೇ ಲೆಕ್ಕಕ್ಕೆ ಹಿಡಿದರೆ ಲಾಭವಿದೆಯೇ?
2. ಅದೇ ಹಣ ಬೇರೆಡೆ ಹೆಚ್ಚು ಗಳಿಸಬಲ್ಲುದೇ?
3. ಆ ಗಳಿಕೆ ಬರುವವರೆಗೆ ಕೂಲಿ, ಬಾಡಿಗೆ, ಬಡ್ಡಿ ತೆರಲು ನಗದು ಇದೆಯೇ?

ಮೂರಕ್ಕೂ ಉತ್ತರವನ್ನು ಕಾಗದದ ಮೇಲೆ ಅಂಕಿಗಳಲ್ಲಿ ಬರೆದ ನಂತರವೇ ನಿರ್ಧರಿಸುವುದು ಕ್ಷೇಮ.