ಹಳೆಯ ದೋಣಿಯ ಖರೀದಿ: ಬಣ್ಣದ ಕೆಳಗೆ ಏನಿದೆ?

ಕಳೆದ ಬೇಸಿಗೆಯಲ್ಲಿ ಕೈಲಾಂಚದ ಕಡೆಯ ಒಬ್ಬ ಯುವಕ ನನ್ನನ್ನು ಹುಡುಕಿಕೊಂಡು ಬಂದ. ಅವನ ಮನೆಯವರು ರಾಮನಗರದ ಮಾರುಕಟ್ಟೆಯಿಂದ ರೇಷ್ಮೆ ಗೂಡು ತಂದು ನೂಲು ತೆಗೆದು ಬದುಕಿದವರು. ಈಗ ಆ ಕೆಲಸದಿಂದ ಮನೆ ನಡೆಯುವುದು ಕಷ್ಟವಾಗಿದೆ. ಅವನೂ ಅವನ ಸ್ನೇಹಿತನೂ ಸೇರಿ ಜಲಾಶಯದಲ್ಲಿ ಮೀನು ಹಿಡಿಯಲು ಪರವಾನಗಿ ಪಡೆಯುವ ಪ್ರಯತ್ನದಲ್ಲಿದ್ದರು. ಅಷ್ಟರಲ್ಲಿ ಒಂದು ಹಳೆಯ ದೋಣಿ ಮಾರಾಟಕ್ಕಿದೆ ಎಂದು ತಿಳಿಯಿತು. ಇಪ್ಪತ್ತು ಅಡಿಯ ಫೈಬರ್ ದೋಣಿ, ಜೊತೆಗೆ ಹಳೆಯ ಎಂಜಿನ್. ಕರಾವಳಿಯಿಂದ ಲಾರಿಯಲ್ಲಿ ತಂದದ್ದು; ಎರಡು ವರ್ಷದಿಂದ ಒಬ್ಬರ ಹಿತ್ತಲಲ್ಲಿ ಬಿದ್ದಿತ್ತು. ಬೆಲೆ 45,000 ರೂಪಾಯಿ. ತಾಯಿ ಬಳೆ ಮಾರಿ ಹಣ ಕೊಡಲು ಒಪ್ಪಿದ್ದರು.

“ಚಾಚಾ, ಹೊಸ ಬಣ್ಣ ಹೊಡೆದಿದ್ದಾರೆ, ನೋಡಲು ಚೆನ್ನಾಗಿದೆ. ತೆಗೆದುಕೊಳ್ಳಲೇ?” ಎಂದು ಕೇಳಿದ.

ನಾನು ಮೀನು ಹಿಡಿಯುವವನಲ್ಲ. ಆದರೆ ಯೌವನದಲ್ಲಿ ಕೆಲವು ವರ್ಷ ಮಲ್ಪೆಯಲ್ಲಿ ದೋಣಿ ರಿಪೇರಿಯ ಶೆಡ್ಡೊಂದರಲ್ಲಿ ಲೆಕ್ಕ ಬರೆಯುತ್ತಿದ್ದೆ. ಹೊಸ ಬಣ್ಣ ಹೊಡೆದ ಹಳೆಯ ದೋಣಿಯನ್ನು ಕಂಡರೆ ಸಂತೋಷಕ್ಕಿಂತ ಮೊದಲು ಅನುಮಾನ ಬರಬೇಕೆಂಬುದನ್ನು ಅಲ್ಲಿಯೇ ಕಲಿತೆ.

ಪ್ರವಾದಿ(ಸ)ರ ಸಹಾಬಿ ವಾಸಿಲ ಬಿನ್ ಅಸ್ಕಅ್(ರ)ರ ಒಂದು ಘಟನೆ ಗ್ರಂಥಗಳಲ್ಲಿ ಬಂದಿದೆ. ಇಮಾಮ್ ಗಝ್ಝಾಲಿಯವರೂ ಅದನ್ನು ಉಲ್ಲೇಖಿಸಿದ್ದಾರೆ. ಒಬ್ಬನು ಒಂಟೆಯನ್ನು ಖರೀದಿಸಿ ಹೊರಟಿದ್ದ. ವಾಸಿಲ(ರ) ಅವನ ಹಿಂದೆಯೇ ಧಾವಿಸಿ, ಒಂಟೆಯನ್ನು ಮಾಂಸಕ್ಕಾಗಿ ಕೊಂಡೆಯಾ ಸವಾರಿಗಾಗಿಯಾ ಎಂದು ವಿಚಾರಿಸಿದರು. ಸವಾರಿಗೆ ಎಂದು ತಿಳಿದಾಗ, ಅದರ ಪಾದದಲ್ಲಿ ತೂತಿದೆ, ದೂರ ಪ್ರಯಾಣವನ್ನು ಅದು ತಾಳದು ಎಂದು ಹೇಳಿದರು. ಕೊಂಡವನು ಹಿಂದಿರುಗಿ ಬಂದ. ಮಾರಿದವನು ನೂರು ದಿರ್‌ಹಮ್ ಕಡಿಮೆ ಮಾಡಬೇಕಾಯಿತು. ಮಾರಿದವನಿಗೆ ಕೋಪ ಬಂತು. ದೋಷವನ್ನು ತಿಳಿಸದೆ ಮಾರುವುದು ಸಲ್ಲದು, ತಿಳಿದವನು ಹೇಳದೆ ಸುಮ್ಮನಿರುವುದೂ ಸಲ್ಲದು ಎಂಬುದು ವಾಸಿಲ(ರ)ರ ಉತ್ತರವಾಗಿತ್ತು.

ಈ ಘಟನೆಯನ್ನು ನಾವು ಸಾಮಾನ್ಯವಾಗಿ ಮಾರುವವನ ಪ್ರಾಮಾಣಿಕತೆಗೆ ಉದಾಹರಣೆಯಾಗಿ ಹೇಳುತ್ತೇವೆ. ಅದರಲ್ಲಿ ಕೊಳ್ಳುವವನಿಗೂ ಒಂದು ಪಾಠವಿದೆ. ವಾಸಿಲ(ರ) ಮೊದಲು ಕೇಳಿದ್ದು ಒಂಟೆ ಹೇಗಿದೆ ಎಂದಲ್ಲ, ಯಾತಕ್ಕಾಗಿ ಎಂದು. ಮಾಂಸಕ್ಕಾದರೆ ಪಾದದ ತೂತು ದೋಷವೇ ಅಲ್ಲ. ನಾನೂ ಆ ಯುವಕನಿಗೆ ಅದನ್ನೇ ಕೇಳಿದೆ: “ದೋಣಿ ಯಾವ ನೀರಿಗೆ ಬೇಟಾ?”

ಸಮುದ್ರದ ದೋಣಿಯನ್ನು ಅಲೆಯನ್ನು ಎದುರಿಸಲೆಂದೇ ಮಾಡಿರುತ್ತಾರೆ. ಅದರ ಮುಂಭಾಗ ಎತ್ತರ, ಮೈ ಭಾರ, ಅದು ಎಂಜಿನನ್ನು ನಂಬಿ ನಡೆಯುವಂಥದು. ನಮ್ಮ ಸೀಮೆಯಲ್ಲಿ 1946ರಲ್ಲಿ ಕಟ್ಟಿದ ಕಣ್ವ ಜಲಾಶಯವಿದೆ, ಅರ್ಕಾವತಿಗೆ ಕಟ್ಟಿದ ಮಂಚನಬೆಲೆ ಇದೆ. ಇಂತಹ ಕಡೆ ಕಟ್ಲ, ರೋಹು, ಮೃಗಾಲ್, ಸಾಮಾನ್ಯ ಗೆಂಡೆಗಳನ್ನು ಹಿಡಿಯುವವರು ಸಂಜೆ ಬಲೆ ಬಿಟ್ಟು ಬೆಳಗಿನ ಜಾವ ಎತ್ತುತ್ತಾರೆ. ಅದಕ್ಕೆ ವೇಗ ಬೇಕಿಲ್ಲ. ಬೇಸಿಗೆಯಲ್ಲಿ ನೀರು ಹಿಂದೆ ಸರಿದಾಗ ದಡದಿಂದ ನೀರಿನವರೆಗೆ ಕೆಸರಿನಲ್ಲಿ ಎಳೆದೊಯ್ಯಬೇಕು. ಇಬ್ಬರು ಹೊತ್ತೊಯ್ಯಬಹುದಾದ ತೆಪ್ಪ ಎಲ್ಲಿ, ಎಂಟು ಜನ ಬೇಕಾಗುವ ಇಪ್ಪತ್ತು ಅಡಿಯ ದೋಣಿ ಎಲ್ಲಿ? ಜೊತೆಗೆ, ಕುಡಿಯುವ ನೀರಿನ ಜಲಾಶಯದಲ್ಲಿ ಎಂಜಿನ್ ಓಡಿಸಲು ಬಿಡುತ್ತಾರೆಯೇ ಎಂಬುದನ್ನು ಮೀನುಗಾರಿಕೆ ಇಲಾಖೆ ಮತ್ತು ನೀರಾವರಿಯವರಲ್ಲಿ ಮೊದಲೇ ಕೇಳಿ ತಿಳಿಯಬೇಕು. ಎಂಜಿನ್ ಸಹಿತ ದೋಣಿ ಕೊಂಡ ಮೇಲೆ ಕೇಳುವ ಪ್ರಶ್ನೆಯಲ್ಲ ಅದು.

ಆದರೂ ಹುಡುಗನ ಮನಸ್ಸು ದೋಣಿಯ ಮೇಲಿತ್ತು. ಹೋಗಿ ನೋಡಿದೆವು.

ಪ್ರವಾದಿ(ಸ) ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈ ಹಾಕಿದಾಗ ಬೆರಳಿಗೆ ತೇವ ತಗುಲಿದ ಪ್ರಸಂಗ ಓದುಗರಿಗೆಲ್ಲ ಗೊತ್ತು. ಮೇಲೆ ಒಣಗಿದ ಕಾಳು, ಒಳಗೆ ನೆನೆದದ್ದು. ನೆನೆದದ್ದನ್ನು ಜನರಿಗೆ ಕಾಣುವಂತೆ ಮೇಲಿಡಬಾರದಿತ್ತೇ ಎಂದು ಕೇಳಿದ ಅವರು, ವಂಚಿಸುವವನು ತನ್ನವನಲ್ಲ ಎಂದು ಎಚ್ಚರಿಸಿದರು. ಇಲ್ಲಿ ಗಮನಿಸಬೇಕಾದುದೇನೆಂದರೆ, ಅವರು ಕಣ್ಣಿಗೆ ಕಂಡದ್ದನ್ನಷ್ಟೇ ನಂಬಲಿಲ್ಲ, ಕೈ ಒಳಗೆ ಹಾಕಿದರು. ಹಳೆಯ ದೋಣಿಯ ವಿಷಯದಲ್ಲೂ ಅದೇ ಕ್ರಮ.

ಮೊದಲು ದೋಣಿಯನ್ನು ಬಿಸಿಲಿನಲ್ಲಿ ಮಗುಚಿ ಹಾಕಿಸಿ. ಒಂದು ನಾಣ್ಯದಿಂದ ತಳವನ್ನು ಅಂಗೈಯಗಲಕ್ಕೊಮ್ಮೆ ಬಡಿಯುತ್ತಾ ಹೋಗಿ. ಗಟ್ಟಿಯಾದ ಫೈಬರ್ ‘ಟಣ್’ ಎನ್ನುತ್ತದೆ. ‘ಧಬ್’ ಎಂದು ಮಂದವಾಗಿ ಕೇಳಿದ ಕಡೆ ಒಳಗಿನ ಪದರಗಳು ಬಿಟ್ಟುಕೊಂಡಿವೆ, ಇಲ್ಲವೇ ನೀರು ಸೇರಿದೆ ಎಂದರ್ಥ. ಬಣ್ಣದ ಮೇಲೆ ಬೆರಳಾಡಿಸಿದಾಗ ಸಿಗುವ ಸಣ್ಣ ಗುಳ್ಳೆಗಳೂ ಒಳಗೆ ತೇವವಿರುವ ಗುರುತೇ. ಜೇಡರ ಬಲೆಯಂಥ ಕೂದಲೆಳೆಯ ಬಿರುಕುಗಳು ಮೇಲ್ಪದರದಲ್ಲಿ ಮಾತ್ರ ಇದ್ದರೆ ಭಯಪಡಬೇಕಿಲ್ಲ. ಒಂದೇ ಉದ್ದನೆಯ ಬಿರುಕು ಒಳಬದಿಯಲ್ಲೂ ಅದೇ ಜಾಗದಲ್ಲಿ ಕಂಡರೆ, ದೋಣಿ ಎಲ್ಲೋ ಕಲ್ಲಿಗೆ ಬಡಿದಿದೆ.

ಅತಿ ಹೆಚ್ಚು ಮೋಸವಾಗುವುದು ಎಂಜಿನ್ ಸಿಕ್ಕಿಸುವ ಹಿಂಬದಿಯ ಹಲಗೆಯಲ್ಲಿ. ಅದು ಹೊರಗೆ ಫೈಬರ್, ಒಳಗೆ ಸಾಮಾನ್ಯವಾಗಿ ಪ್ಲೈವುಡ್. ಬೋಲ್ಟಿನ ತೂತಿನಿಂದ ನೀರಿಳಿದರೆ ಒಳಗಿನ ಮರ ಕೊಳೆಯುತ್ತದೆ, ಹೊರಗೆ ಏನೂ ಕಾಣುವುದಿಲ್ಲ. ಎಂಜಿನನ್ನು ಹಿಡಿದು ಮೇಲೆ ಕೆಳಗೆ ಒತ್ತಿ ನೋಡಿ, ಹಲಗೆ ಬಳುಕಬಾರದು. ಒಂದು ಸ್ಕ್ರೂ ಬಿಚ್ಚಿಸಿ. ತೂತಿನಿಂದ ಕಂದು ನೀರು ಜಿನುಗಿದರೆ ಹಲಗೆ ಕೆಟ್ಟಿದೆ. ನಾವು ಹೋದ ದಿನ ಹಾಗೆಯೇ ಜಿನುಗಿತು.

ಕೊನೆಗೆ, ದೋಣಿಯನ್ನು ನೇರ ಮಾಡಿ ದಿಮ್ಮಿಗಳ ಮೇಲೆ ಭದ್ರವಾಗಿ ಇರಿಸಿ, ಒಳಗೆ ಅರ್ಧ ಅಡಿ ನೀರು ತುಂಬಿ ಒಂದು ಗಂಟೆ ಬಿಡಬೇಕು. ಹೊರಗೆ ತೊಟ್ಟಿಕ್ಕಿದ ಕಡೆ ಸುಣ್ಣದ ಕಡ್ಡಿಯಿಂದ ಗುರುತು ಹಾಕಿದರಾಯಿತು. ಇದಕ್ಕೆ ತಜ್ಞರು ಬೇಕಿಲ್ಲ.

ಮರದ ದೋಣಿಯಾದರೆ ದಬ್ಬಳದಿಂದ ಚುಚ್ಚಿ ನೋಡಬೇಕು. ಸಿಹಿನೀರಿನಲ್ಲಿ ಮರ ಉಪ್ಪುನೀರಿಗಿಂತ ಬೇಗ ಕೊಳೆಯುತ್ತದೆ. ಬಿದಿರಿನ ತೆಪ್ಪವಾದರೆ ಹೆಣಿಗೆಯ ಕೆಳಗೆ ಹಿಟ್ಟಿನಂಥ ಪುಡಿ ಉದುರಿದೆಯೇ, ಅಂಚಿನ ಕಟ್ಟು ಬಿಗಿಯಾಗಿದೆಯೇ ಎಂದು ನೋಡಿದರೆ ಸಾಕು.

ಎಂಜಿನ್ ವಿಷಯ ಚಿಕ್ಕದು. ನೀವು ಹೋಗುವಾಗಲೇ ಅದು ಬಿಸಿಯಾಗಿದ್ದರೆ, ತಣ್ಣಗಾದ ಮೇಲೆ ಮತ್ತೆ ಚಾಲೂ ಮಾಡಿಸಿ. ನೀರಿನಲ್ಲಿಟ್ಟು ಓಡಿಸಿದಾಗ ಪಕ್ಕದ ಸಣ್ಣ ರಂಧ್ರದಿಂದ ನೀರಿನ ಧಾರೆ ಬರಬೇಕು. ಕೆಳಗಿನ ಗೇರಿನ ಎಣ್ಣೆ ಹಾಲು ಬೆರೆತಂತೆ ಬೆಳ್ಳಗಿದ್ದರೆ ಒಳಗೆ ನೀರು ನುಗ್ಗಿದೆ.

ಇನ್ನು ಹಣದ ಲೆಕ್ಕ. ಹೇಳಿದ ಬೆಲೆ 45,000. ಹಲಗೆ ಮತ್ತು ತಳದ ರಿಪೇರಿಗೆ 12,000, ಎಂಜಿನ್ನಿಗೆ 8,000, ಸಾಗಾಟ ಮತ್ತು ಆಳುಗಳಿಗೆ 5,000 ಎಂದು ಅಂದಾಜು ಮಾಡಿದೆವು. ಒಟ್ಟು 70,000. ವರ್ಷಕ್ಕೆ 150 ದಿನದಂತೆ ನಾಲ್ಕು ವರ್ಷ ನಡೆದರೆ 600 ದಿನ; ದಿನಕ್ಕೆ ಸುಮಾರು 117 ರೂಪಾಯಿ. ಎರಡು ಲೀಟರ್ ಪೆಟ್ರೋಲಿಗೆ ಇನ್ನೂರಕ್ಕೂ ಮೇಲೆ. ಮೊದಲ ಮೀನು ಬಲೆಗೆ ಬೀಳುವ ಮೊದಲೇ ದಿನಕ್ಕೆ ಮುನ್ನೂರು ರೂಪಾಯಿಗೂ ಹೆಚ್ಚು ಹೋಯಿತು. ಬಲೆ ಮತ್ತು ಪರವಾನಗಿಯ ಖರ್ಚು ಇದರಲ್ಲಿಲ್ಲ. ಇಬ್ಬರಿಗೆ ಜೀವರಕ್ಷಕ ಜಾಕೆಟ್ಟಿನ ಬೆಲೆಯೂ ಇಲ್ಲ. ಅದನ್ನು ಎಂಜಿನ್ನಿಗಿಂತ ಮೊದಲು ಬರೆಯಬೇಕಿತ್ತು, ನಾವೇ ಮರೆತಿದ್ದೆವು. ತನ್ನ ಕೈಯಾರೆ ತನ್ನನ್ನು ನಾಶಕ್ಕೆ ದೂಡಬಾರದೆಂಬ ಆಜ್ಞೆ ನಮ್ಮ ಮುಂದಿರುವಾಗ, ಈಜು ಬಾರದವನು ರಾತ್ರಿ ನೀರಿಗಿಳಿಯುವುದು ತವಕ್ಕುಲ್ ಅಲ್ಲ.

ಮಾರುವವರು ಒಂದು ಅನುಕೂಲ ತೋರಿಸಿದರು. ಹಣ ಈಗಲೇ ಪೂರ್ತಿ ಬೇಡ. 20,000 ಕೊಡಿ, ಉಳಿದದ್ದು ಸಾಲವೆಂದಿರಲಿ, ಸಾಲ ತೀರುವವರೆಗೆ ಹಿಡಿದ ಮೀನನ್ನೆಲ್ಲ ನಾವು ಹೇಳಿದ ದರಕ್ಕೆ ನಮಗೇ ಹಾಕಿ ಎಂದರು. ಕೇಳಲು ಉಪಕಾರದಂತಿದೆ. ಬಡ್ಡಿ ಎಂಬ ಶಬ್ದವೂ ಅದರಲ್ಲಿಲ್ಲ. ಆದರೆ ಪೇಟೆಯ ದರಕ್ಕಿಂತ ಕಿಲೋಗೆ ಇಪ್ಪತ್ತು ರೂಪಾಯಿ ಕಡಿಮೆಗೆ ದಿನಕ್ಕೆ ಹತ್ತು ಕಿಲೋ ಹಾಕಿದರೆ ದಿನಕ್ಕೆ ಇನ್ನೂರು, ತಿಂಗಳಲ್ಲಿ ಇಪ್ಪತ್ತು ದಿನಕ್ಕೆ ನಾಲ್ಕು ಸಾವಿರ. ಸಾಲ ಮಾತ್ರ ಇದ್ದಷ್ಟೇ ಇರುತ್ತದೆ. ಸಾಲ ಕೊಟ್ಟದ್ದಕ್ಕಾಗಿ ಷರತ್ತಿನಿಂದ ಪಡೆಯುವ ಲಾಭವನ್ನು ಧರ್ಮಶಾಸ್ತ್ರ ಪಂಡಿತರು ಬಡ್ಡಿಯೆಂದೇ ಪರಿಗಣಿಸಿದ್ದಾರೆ. ಇನ್ನೂ ನೀರಿನಲ್ಲಿರುವ ಮೀನಿನ ವ್ಯಾಪಾರವನ್ನು ಅವರು ಒಪ್ಪದಿರುವುದಕ್ಕೂ ಕಾರಣವಿದೆ. ಎಷ್ಟು, ಯಾವುದು, ಸಿಗುತ್ತದೋ ಇಲ್ಲವೋ ಯಾರಿಗೂ ತಿಳಿಯದು. ಕಂತಿನ ಮಾರಾಟವೇ ತಪ್ಪೆಂದು ಇದರ ಅರ್ಥವಲ್ಲ. ಮಾತುಕತೆಯ ಹೊತ್ತಿನಲ್ಲೇ ಒಂದೇ ಬೆಲೆ ನಿಶ್ಚಯವಾಗಿ, ತಡವಾದರೆ ಹೆಚ್ಚಿಗೆ ಕೇಳುವ ಷರತ್ತಿಲ್ಲದಿದ್ದರೆ ಬಹುತೇಕ ಪಂಡಿತರು ಅದನ್ನು ಅನುಮತಿಸುತ್ತಾರೆ. ಅಂತಹ ವ್ಯವಹಾರವನ್ನು ಸಾಕ್ಷಿಗಳ ಮುಂದೆ ಬರೆದಿಡಬೇಕೆಂದು ಸೂರಃ ಅಲ್ ಬಕರಃ ಕಲಿಸುತ್ತದೆ. ನೆರೆಯವರೊಡನೆ ಬರಹವೇಕೆ ಎಂಬ ಸಂಕೋಚವೇ ಮುಂದೆ ನೆರೆಯವರನ್ನು ಕೋರ್ಟಿಗೆ ಕಳುಹಿಸುತ್ತದೆ.

ಕಾಗದಪತ್ರವನ್ನೂ ನೋಡಬೇಕು. 1986ರ ಕರ್ನಾಟಕ ಕಡಲ ಮೀನುಗಾರಿಕೆ ನಿಯಂತ್ರಣ ಕಾಯ್ದೆಯಂತೆ ಸಮುದ್ರದ ದೋಣಿಗೆ ನೋಂದಣಿ ಬೇಕು. ಆ ಪುಸ್ತಕ ಯಾರ ಹೆಸರಿನಲ್ಲಿದೆ, ಎಂಜಿನ್ನಿನ ಮೇಲೆ ಸಹಕಾರಿ ಸಂಘದ ಸಾಲ ಬಾಕಿ ಇದೆಯೇ ಎಂದು ಕೇಳಿ. ತನ್ನದಲ್ಲದ ವಸ್ತುವನ್ನು ಮಾರುವ ಹಕ್ಕು ಯಾರಿಗೂ ಇಲ್ಲ. ಆ ನೋಂದಣಿ ಇದ್ದ ಮಾತ್ರಕ್ಕೆ ಜಲಾಶಯದಲ್ಲಿ ಮೀನು ಹಿಡಿಯುವ ಹಕ್ಕು ಬಾರದು. ಅದಕ್ಕೆ ಬೇರೆಯೇ ಪರವಾನಗಿ ಅಥವಾ ಗುತ್ತಿಗೆ.

ವ್ಯಾಪಾರದಲ್ಲಿ ಪದೇ ಪದೇ ಮೋಸ ಹೋಗುತ್ತಿದ್ದ ಒಬ್ಬ ಸಹಾಬಿಗೆ ಪ್ರವಾದಿ(ಸ), ವಂಚನೆ ಇರಕೂಡದೆಂದು ಮೊದಲೇ ಹೇಳಿಬಿಡುವಂತೆ ಕಲಿಸಿದರು. ಮೂರು ದಿನಗಳ ಅವಕಾಶದ ಮಾತೂ ವರದಿಗಳಲ್ಲಿದೆ. ಹಳೆಯ ದೋಣಿಗೆ ಇದಕ್ಕಿಂತ ಒಳ್ಳೆಯ ಕರಾರಿಲ್ಲ: ಮೂರು ದಿನ ನೀರಿನಲ್ಲಿ ಬಿಟ್ಟು ನೋಡುತ್ತೇವೆ, ದೋಷ ಕಂಡರೆ ದೋಣಿ ನಿಮಗೆ, ಹಣ ನಮಗೆ.

ಸೂರಃ ಅಲ್ ಕಹ್ಫ್‌ನಲ್ಲಿ ಮೂಸಾ(ಅ)ರ ಜೊತೆಗಿದ್ದ ಜ್ಞಾನಿ ಬಡವರ ದೋಣಿಯನ್ನು ಕೆಡಿಸಿದರಲ್ಲವೇ, ದೋಷವೂ ಒಳ್ಳೆಯದಕ್ಕಿರಬಹುದಲ್ಲ ಎಂದು ಮಾರುವವರ ಕಡೆಯ ಒಬ್ಬರು ನಗುತ್ತಾ ಕೇಳಿದರು. ನಿಜ, ಒಳ್ಳೆಯ ದೋಣಿಗಳನ್ನು ಕಿತ್ತುಕೊಳ್ಳುತ್ತಿದ್ದ ರಾಜನಿಂದ ಅದು ಉಳಿಯಿತು. ಆದರೆ ಆ ದೋಷ ರಾಜನ ಕಣ್ಣಿಗೆ ಕಾಣುವಂತಿದ್ದುದರಿಂದಲೇ ಉಳಿಯಿತು. ಅದರ ಮೇಲೆ ಯಾರೂ ಬಣ್ಣ ಹೊಡೆದಿರಲಿಲ್ಲ.

ಹುಡುಗ ದೋಣಿಯನ್ನು ಕೊಳ್ಳಲಿಲ್ಲ. ಅವನು ವಿಚಾರಿಸಿದ ಕಡೆ ಹಳೆಯ ಫೈಬರ್ ತೆಪ್ಪ ಆ ಒಟ್ಟು ಮೊತ್ತದ ಕಾಲು ಭಾಗಕ್ಕೂ ಕಡಿಮೆಗೆ ಸಿಕ್ಕಿತು. ತಾಯಿಯ ಬಳೆಗಳಲ್ಲಿ ಒಂದು ಮಾತ್ರ ಹೋಯಿತು. ಹಲಗೆಯಿಂದ ಜಿನುಗಿದ ನೀರನ್ನು ಮಾರುವವರಿಗೆ ತೋರಿಸಿದಾಗ ಅವರಿಗೇ ಆಶ್ಚರ್ಯವಾಗಿತ್ತು. ಅವರೂ ಅದನ್ನು ಹಾಗೆಯೇ ಬೇರೊಬ್ಬರಿಂದ ಕೊಂಡಿದ್ದರು. ಎರಡು ತಿಂಗಳ ನಂತರ ಕರಾವಳಿಯವರೊಬ್ಬರು ಆ ದೋಣಿಯನ್ನು 28,000ಕ್ಕೆ ಒಯ್ದರಂತೆ. ಹಲಗೆ ಕೊಳೆತಿದೆ ಎಂದು ಹೇಳಿಯೇ ಮಾರಿದರು ಎಂದು ಹುಡುಗ ಫೋನಿನಲ್ಲಿ ತಿಳಿಸಿದ.