ಕೊಯ್ಲು ಮುಗಿದ ಮೇಲೆ, ಹೂಮಳೆಗೆ ಮೊದಲು

ಭಾವ ಚೆಂಡಿನ ಕಡೆ ನಡೆಯುತ್ತಿದ್ದವರು ಅರ್ಧದಾರಿಯಲ್ಲೇ ನಿಂತುಬಿಟ್ಟರು. ಥಾಯ್ಲೆಂಡಿನ ಹುವಾ ಹಿನ್ ಬಳಿಯ ಒಂದು ಗಾಲ್ಫ್ ಕೋರ್ಸು, ಮಧ್ಯಾಹ್ನ ಒಂದೂವರೆ ಗಂಟೆ, ಆ ದಿನದ ಎರಡನೆಯ ರೌಂಡಿನ ನಾಲ್ಕನೆಯ ಹೋಲ್. "ಏನಾಯ್ತು ಭಾವ?" ಎಂದೆ. "ಏನಿಲ್ಲ ಕಣಯ್ಯ, ಸ್ವಲ್ಪ ಚಳಿ ಆದಂಗಾಯ್ತು" ಎಂದರು. ಆ ಸುಡುಬಿಸಿಲಿನಲ್ಲಿ ಅವರ ತೋಳಿನ ರೋಮ ನೆಟ್ಟಗೆ ನಿಂತಿತ್ತು. ನಾನು ಅದನ್ನು ನೋಡಿದೆ, ಆದರೆ ಅದರ ಅರ್ಥ ನನಗೆ ಹೊಳೆಯಲಿಲ್ಲ. ಹೊಳೆದದ್ದು ಅವರ ಕ್ಯಾಡಿಗೆ. ಆಕೆ ಕೈಯಲ್ಲಿದ್ದ ಕ್ಲಬ್ಬನ್ನು ಹುಲ್ಲಿನ ಮೇಲೆ ಬಿಟ್ಟು ಓಡಿ ಬಂದು, ಅವರನ್ನು ಮರದ ನೆರಳಿಗೆ ಕರೆದೊಯ್ದು ಕೂರಿಸಿ, ಐಸ್ ಡಬ್ಬದಲ್ಲಿ ಅದ್ದಿದ ಟವೆಲ್ಲುಗಳನ್ನು ಕತ್ತಿಗೂ ಕಂಕುಳಿಗೂ ಒತ್ತಿ ಹಿಡಿದಳು. ಕ್ಲಬ್‌ಹೌಸಿಗೆ ಸುದ್ದಿ ಮುಟ್ಟಿಸಿದವಳೂ ಅವಳೇ. ಆಸ್ಪತ್ರೆಯಲ್ಲಿ ಎರಡು ಬಾಟಲಿ ಡ್ರಿಪ್ ಏರಿದ ಮೇಲೆ ಭಾವ ಕಣ್ಣರಳಿಸಿ ಮಾತಾಡಿದರು. ಅಲ್ಲಿಯವರೆಗೆ ಅಕ್ಕನ ಮುಖ ನೋಡುವ ಧೈರ್ಯ ನನಗಿರಲಿಲ್ಲ.

ಇದು 2023ರ ಅಕ್ಟೋಬರಿನ ಮಾತು. ಆದರೆ ಆ ಮಧ್ಯಾಹ್ನವನ್ನು ನಾವು ಆಗಸ್ಟಿನಲ್ಲಿ, ಮೈಸೂರಿನ ನಮ್ಮ ಮನೆಯ ಊಟದ ಮೇಜಿನ ಮುಂದೆ ಕೂತು ನಾವೇ ಬರೆದಿಟ್ಟಿದ್ದೆವು. ಆರು ದಿನದಲ್ಲಿ ಆರು ರೌಂಡು, ಅದರಲ್ಲಿ ಒಂದು ದಿನ ಬೆಳಿಗ್ಗೆ ಹದಿನೆಂಟು, ಮಧ್ಯಾಹ್ನ ಹದಿನೆಂಟು. ಅಷ್ಟಕ್ಕೂ ಮುಂಗಡ ಹಣ ಕಟ್ಟಿದ್ದೆವು. ಬೆಲೆ ಎಷ್ಟು ಇಳಿದಿದೆ ಎಂಬುದೊಂದೇ ನಮಗೆ ಕಂಡದ್ದು. ಅದು ಯಾಕೆ ಇಳಿದಿದೆ ಎಂದು ಆಡಲು ಹೊರಟ ನಾಲ್ವರಲ್ಲಿ ಒಬ್ಬರೂ ಕೇಳಲಿಲ್ಲ.

ಅಕ್ಟೋಬರನ್ನೇ ಆರಿಸಿಕೊಳ್ಳಲು ಒಂದು ಕಾರಣವೂ ಇತ್ತು. ನಮ್ಮ ನಾಲ್ವರಲ್ಲಿ ಒಬ್ಬ ಗೆಳೆಯ ಮೂಡಿಗೆರೆಯ ಕಾಫಿ ಬೆಳೆಗಾರ. ನವೆಂಬರಿನಿಂದ ಅರೇಬಿಕಾ ಹಣ್ಣು ಬಿಡಿಸುವ ಕೆಲಸ ಶುರುವಾದರೆ ಅವನು ತೋಟ ಬಿಟ್ಟು ಕದಲುವಂತಿಲ್ಲ. ಆಳು, ಪಲ್ಪರು, ಕಣ, ಎಲ್ಲ ಕಡೆ ಅವನೇ ಇರಬೇಕು. ಥಾಯ್ಲೆಂಡಿನಲ್ಲಿ ಗಾಲ್ಫ್ ಆಡಲು ಹೇಳಿ ಮಾಡಿಸಿದ ಕಾಲವೂ ಅದೇ, ನವೆಂಬರ್ ಕೊನೆಯಿಂದ ಫೆಬ್ರವರಿವರೆಗೆ. ಹಾಗಾಗಿ "ಕೊಯ್ಲಿಗೆ ಮೊದಲೇ ಹೋಗಿ ಬಂದುಬಿಡೋಣ" ಎಂದ. ನಾವೂ ಒಪ್ಪಿದೆವು.

ಬೆಟ್ಟದ ಆಚೆಗೂ ಈಚೆಗೂ ಮಳೆ ಬೇರೆಬೇರೆ ಎಂಬುದು ಮಲೆನಾಡಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮಂಗಳೂರು ಜುಲೈನಲ್ಲಿ ನೆನೆಯುವಾಗ ಚೆನ್ನೈ ಒಣಗಿರುತ್ತದೆ, ಚೆನ್ನೈಗೆ ಹಿಂಗಾರು ಬಂದಾಗ ಮಂಗಳೂರಿನ ಮಳೆ ಹಿಂದಾಗಿರುತ್ತದೆ. ಥಾಯ್ಲೆಂಡಿನದೂ ಅದೇ ಕತೆ. ಫುಕೆಟ್ ಇರುವ ಅಂಡಮಾನ್ ಸಮುದ್ರದ ದಡಕ್ಕೆ ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಮಳೆ. ಪೂರ್ವಕ್ಕೆ ಕೊಲ್ಲಿಯಲ್ಲಿರುವ ಸಮುಯಿ ದ್ವೀಪಕ್ಕೆ ಜೋರು ಮಳೆ ಬರುವುದೇ ಅಕ್ಟೋಬರಿನಿಂದ ಡಿಸೆಂಬರ್‌ವರೆಗೆ. ಅದೇ ಕೊಲ್ಲಿಯ ಪಶ್ಚಿಮ ದಡದಲ್ಲಿರುವ ಹುವಾ ಹಿನ್ ಬೆನ್ನಿಗೆ ತೆನಾಸೆರಿಮ್ ಬೆಟ್ಟಸಾಲು ಇರುವುದರಿಂದ ಒಟ್ಟಾರೆ ಮಳೆ ಕಡಿಮೆ, ಆದರೆ ಬರುವ ಮಳೆಯ ದೊಡ್ಡ ಪಾಲು ಅಕ್ಟೋಬರ್ ಸುತ್ತಮುತ್ತಲೇ ಬೀಳುತ್ತದೆ. ಉತ್ತರದ ಚಿಯಾಂಗ್ ಮಾಯ್‌ಗೆ ಮಳೆ ಮುಗಿದರೂ ಫೆಬ್ರವರಿ ಕೊನೆಯಿಂದ ಏಪ್ರಿಲ್‌ವರೆಗೆ ಕಾಡು, ಗದ್ದೆ ಸುಡುವ ಹೊಗೆ ಕವಿದಿರುತ್ತದೆ. ಒಂದೇ ದೇಶದೊಳಗೆ ಇಷ್ಟು ಕಾಲಗಳಿವೆ. ಟಿಕೆಟ್ಟಿಗೆ ಮೊದಲು ನಾವು ಬಿಡಿಸಬೇಕಾಗಿದ್ದದ್ದು ಈ ನಕ್ಷೆಯನ್ನು.

ಮಳೆ ಬಂದರೆ ಆಟ ನಿಲ್ಲುತ್ತದೆ, ಅಷ್ಟೇ ತಾನೆ ಎಂದುಕೊಂಡಿದ್ದೆವು. ಅಷ್ಟೇ ಅಲ್ಲ. ರಾತ್ರಿ ಮಳೆ ಸುರಿದರೆ ಬೆಳಿಗ್ಗೆ ಕಾರ್ಟನ್ನು ಫೇರ್‌ವೇಗೆ ಇಳಿಸುವಂತಿಲ್ಲ, ಸಿಮೆಂಟು ದಾರಿಯಲ್ಲೇ ನಿಲ್ಲಿಸಬೇಕು. ಪ್ರತಿ ಹೊಡೆತಕ್ಕೂ ಮೂರು ನಾಲ್ಕು ಕ್ಲಬ್ ಹಿಡಿದು ಒದ್ದೆ ಹುಲ್ಲಿನಲ್ಲಿ ಅಡ್ಡ ನಡೆದು, ಮತ್ತೆ ದಾರಿಗೆ ಬರಬೇಕು. ಮಳೆ ನಿಂತ ಮೇಲೆ ಬಿಸಿಲು ಬಂದರೆ ನೆಲದಿಂದ ಆವಿ ಏಳುತ್ತದೆ. ಬೆವರು ಹರಿಯುತ್ತದೆ, ಆರುವುದಿಲ್ಲ. ಆರದ ಬೆವರು ಮೈಯನ್ನು ತಣಿಸುವುದಿಲ್ಲ. ಚಾಮುಂಡಿ ಬೆಟ್ಟದ ಬುಡದ ನಮ್ಮ ಕೋರ್ಸಿನಲ್ಲಿ ಏಪ್ರಿಲ್ ಬಿಸಿಲಿಗೂ ಆಡಿದವರು ನಾವು, ಮೂವತ್ತೆರಡು ಡಿಗ್ರಿ ಯಾವ ಲೆಕ್ಕ ಎಂದುಕೊಂಡಿದ್ದೆವು. ಮೈಸೂರಿನ ಒಣ ಬಿಸಿಲಲ್ಲಿ ಕಲಿತ ಮೈಗೆ ಅಲ್ಲಿನ ತೇವದ ಸೆಕೆ ಹೊಸದು. ಅದಕ್ಕೆ ಒಗ್ಗಿಕೊಳ್ಳಲು ಮೈಗೆ ಕೆಲವು ದಿನ ಬೇಕು. ನಾವು ಇಳಿದ ಮರುದಿನವೇ ಆಡಿದೆವು.

ಆಸ್ಪತ್ರೆಯ ವೈದ್ಯರು ಭಾವನ ಮಾತ್ರೆಗಳ ಪಟ್ಟಿ ಕೇಳಿದರು. ರಕ್ತದೊತ್ತಡಕ್ಕೆ ಅವರು ನುಂಗುತ್ತಿದ್ದ ಮಾತ್ರೆಗಳಲ್ಲಿ ಒಂದು, ಮೈಯ ನೀರನ್ನು ಮೂತ್ರದಲ್ಲಿ ಹೊರಹಾಕುವಂಥದ್ದು. ಬೆವರಿನಲ್ಲಿ ಉಪ್ಪು, ನೀರು ಎರಡನ್ನೂ ಕಳೆದುಕೊಳ್ಳುತ್ತಿದ್ದವರಿಗೆ ಅದೂ ಸೇರಿಕೊಂಡಿತ್ತು. ಅದನ್ನು ನಾವೇ ನಿಲ್ಲಿಸುವುದು ಬದಲಿಸುವುದು ಮಾಡುವಂತಿಲ್ಲ, ಆದರೆ ಹೊರಡುವ ಮೊದಲು ನಮ್ಮ ಡಾಕ್ಟರ ಹತ್ತಿರ ಹೋಗಿ "ಹೀಗೊಂದು ಪ್ರಯಾಣ ಇದೆ" ಎಂದು ಹೇಳಬಹುದಾಗಿತ್ತು. ಪಾಸ್‌ಪೋರ್ಟು, ವಿಮೆ, ಶೂ, ಚೆಂಡು ಎಲ್ಲದಕ್ಕೂ ಪಟ್ಟಿ ಮಾಡಿದ್ದೆ. ಇದು ಮಾತ್ರ ಅದರಲ್ಲಿ ಇರಲಿಲ್ಲ. ಈಗ ಮೊದಲ ಸಾಲೇ ಅದು. ಇನ್ನೊಂದು ಮಾತು ಭಾವ ಆಸ್ಪತ್ರೆಯ ಹಾಸಿಗೆಯ ಮೇಲೆ ಹೇಳಿದ್ದು: ಮೊದಲ ರೌಂಡಿನಲ್ಲೇ ತಲೆನೋವು ಶುರುವಾಗಿತ್ತಂತೆ. "ದುಡ್ಡು ಕಟ್ಟಿಯಾಗಿತ್ತಲ್ಲ, ನಿಮ್ಮ ಆಟ ಯಾಕೆ ಕೆಡಿಸಲಿ ಅಂತ ಸುಮ್ಮನಿದ್ದೆ" ಎಂದರು. ಆ ಮಾತು ಇವತ್ತಿಗೂ ನನಗೆ ಚುಚ್ಚುತ್ತದೆ. ಮುಂಗಡ ಕಟ್ಟಿದ ಹಣ ಒಬ್ಬ ಮನುಷ್ಯನ ಬಾಯಿ ಕಟ್ಟಿಹಾಕಿತ್ತು.

ಆ ಪ್ರಯಾಣದಲ್ಲಿ ಚೆನ್ನಾಗಿ ನಡೆದದ್ದು ಅಕ್ಕನ ಊಟ ಒಂದೇ. ನವರಾತ್ರಿ, ಗೊಂಬೆ ಕೂರಿಸುವುದನ್ನು ಸೊಸೆಗೆ ಒಪ್ಪಿಸಿ ಬಂದಿದ್ದಳು, ವ್ರತ ಬೇರೆ. ಥಾಯ್ ಅಡುಗೆಯಲ್ಲಿ ತರಕಾರಿ ಪಲ್ಯಕ್ಕೂ ಮೀನಿನ ಸಾಸ್ ಬೀಳುತ್ತದೆ ಎಂದು ನನಗೆ ಆತಂಕ. ಹೋಗಿ ನೋಡಿದರೆ ಬೀದಿಯಲ್ಲಿ ಅಲ್ಲಲ್ಲಿ ಅಂಗಡಿಗಳ ಮುಂದೆ ಹಳದಿ ಬಾವುಟ, ಅದರ ಮೇಲೆ ಕೆಂಪು ಅಕ್ಷರ. ಅಲ್ಲಿನ ಚೀನೀ ಮೂಲದವರು ತಮ್ಮ ಒಂಬತ್ತನೆಯ ಚಾಂದ್ರಮಾಸದ ಮೊದಲ ಒಂಬತ್ತು ದಿನ ಮಾಂಸ, ಮೀನು, ಬೆಳ್ಳುಳ್ಳಿ ಬಿಡುತ್ತಾರೆ. ಆ ವರ್ಷ ಅದು ನಮ್ಮ ನವರಾತ್ರಿಯ ಜೊತೆಗೇ ಬಿದ್ದಿತ್ತು. ಆ ಊಟಕ್ಕೆ ಅವರು 'ಜೇ' ಎನ್ನುತ್ತಾರೆ. ಹಬ್ಬವಿಲ್ಲದ ದಿನಗಳಲ್ಲೂ ಆ ಒಂದು ಮಾತು ಹೇಳಿದರೆ ಸಾಕು, ಅರ್ಥವಾಗುತ್ತದೆ.

ಮತ್ತೆ ಹೋಗುವುದೋ ಬೇಡವೋ ಎಂಬ ಮಾತು ಒಂದು ವರ್ಷ ನಡೆಯಿತು. ದಾರಿ ತೋರಿಸಿದವನು ಆ ಮೂಡಿಗೆರೆಯವನೇ. ಕೊಯ್ಲು ಮುಗಿದು, ಕಾಫಿ ಕಣದಲ್ಲಿ ಒಣಗಿ ಕ್ಯೂರಿಂಗಿಗೆ ಹೋದ ಮೇಲೆ, ಗಿಡಗಳಿಗೆ ಹೂ ತರುವ ಹೂಮಳೆ ಬರುವ ಮುನ್ನ ತೋಟಕ್ಕೆ ಕೆಲವು ದಿನ ಬಿಡುವು ಇರುತ್ತದೆ. ಫೆಬ್ರವರಿಯ ಮೂರನೆಯ ವಾರ. ಅವನ ತೋಟದ ಆ ಬಿಡುವೂ ಹುವಾ ಹಿನ್‌ನ ಹಿತವಾದ ಕಾಲದ ಕೊನೆಯೂ ಸರಿಯಾಗಿ ಕೂಡುತ್ತಿದ್ದವು. 2025ರಲ್ಲಿ ಆ ವಾರಕ್ಕೇ ಹೊರಟೆವು. ಒಂಬತ್ತು ದಿನ, ನಾಲ್ಕು ರೌಂಡು, ದಿನ ಬಿಟ್ಟು ದಿನ. ಮೊದಲ ಎರಡು ದಿನ ಆಟವೇ ಇಲ್ಲ. ಹೊತ್ತು ಮೂಡುವಾಗ ಟೀ ಟೈಮ್, ಹನ್ನೊಂದೂವರೆಯೊಳಗೆ ಕೋಣೆಗೆ. ಕೊನೆಯ ಎರಡು ರೌಂಡಿಗೆ ಮುಂಗಡ ಕಟ್ಟಲಿಲ್ಲ, ಅಲ್ಲೇ ನೋಡಿ ಕೊಟ್ಟೆವು. ಸ್ವಲ್ಪ ಹೆಚ್ಚು ತೆತ್ತರೂ ಬೇಡವೆನ್ನುವ ಸ್ವಾತಂತ್ರ್ಯ ನಮ್ಮ ಕೈಯಲ್ಲಿತ್ತು. ಸಿಡಿಲು ಮಳೆಗೆ ಆಟ ಅರ್ಧಕ್ಕೆ ನಿಂತರೆ ಉಳಿದ ಹೋಲ್‌ಗಳಿಗೆ ಏನು ಕೊಡುತ್ತೀರಿ ಎಂದೂ, ನಾವು ಬರುವ ವಾರ ಗ್ರೀನ್‌ಗಳಿಗೆ ತೂತು ಹೊಡೆದು ಮರಳು ಹಾಕುವ ಕೆಲಸ ಇದೆಯೇ ಎಂದೂ ಮೊದಲೇ ಬರೆದು ಕೇಳಿದೆ. ಹೋದ ಸಲ ಇವೆರಡೂ ಗೊತ್ತಾದದ್ದು ಕೌಂಟರಿನಲ್ಲಿ ನಿಂತ ಮೇಲೆ.

ಸಾಮಾನಿನ ವಿಷಯ ಬೇಗ ಹೇಳಿಬಿಡುತ್ತೇನೆ. ಕ್ಲಬ್ಬುಗಳಿರುವ ಬ್ಯಾಗು ಹೊದಿಕೆ ಸೇರಿ ಹದಿನಾಲ್ಕು ಹದಿನೈದು ಕಿಲೋ ತೂಗುತ್ತದೆ, ಟಿಕೆಟ್ ತೆಗೆಯುವಾಗಲೇ ಆಟದ ಸಾಮಾನೆಂದು ಬರೆಸಬೇಕು. ಡ್ರೈವರ್ ಕ್ಲಬ್ಬಿನ ತಲೆ ಬಿಚ್ಚಿ ಬಟ್ಟೆಯಲ್ಲಿ ಸುತ್ತಿಡಬೇಕು. ಬ್ಯಾಂಕಾಕಿನಿಂದ ದಕ್ಷಿಣಕ್ಕೆ ಸುಮಾರು ಇನ್ನೂರು ಕಿಲೋಮೀಟರು ಹೋಗಬೇಕು, ನಾಲ್ಕು ಬ್ಯಾಗಿಗೆ ಟ್ಯಾಕ್ಸಿ ಸಾಲದು, ವ್ಯಾನೇ ಬೇಕು.

ಆಟದಲ್ಲಿ ಎರಡು ಸಂಗತಿ ಹೊಸದಾಗಿ ಕಲಿತೆ. ಮೈಸೂರು ಸಮುದ್ರಮಟ್ಟದಿಂದ 770 ಮೀಟರು ಎತ್ತರದಲ್ಲಿದೆ, ಗಾಳಿ ತೆಳು. ಇಲ್ಲಿ 150 ಗಜ ಹೋಗುವ ಹೊಡೆತ ಅಲ್ಲಿ ನಾಲ್ಕೈದು ಗಜ ಮೊದಲೇ ಬೀಳುತ್ತದೆ. ತೇವದ ಗಾಳಿ ಭಾರ, ಅದೇ ಚೆಂಡನ್ನು ತಡೆಯುತ್ತದೆ ಎಂದು ನಾವೆಲ್ಲ ಹೇಳಿಕೊಳ್ಳುತ್ತಿದ್ದೆವು. ಅದು ತಪ್ಪು, ತೇವದ ಗಾಳಿ ಒಣಗಾಳಿಗಿಂತ ಕೊಂಚ ಹಗುರವೇ. ಇನ್ನೊಂದು, ಗ್ರೀನಿನ ಹುಲ್ಲು. ಸೆಕೆಯ ದೇಶದ ಬರ್ಮುಡಾ ಹುಲ್ಲಿನ ಎಸಳು ಒಂದು ದಿಕ್ಕಿಗೆ ವಾಲಿ ಬೆಳೆಯುತ್ತದೆ. ವಾಲಿದ ಕಡೆಗೆ ನೋಡಿದರೆ ಹೊಳಪು, ಚೆಂಡು ಓಡುತ್ತದೆ. ಎದುರು ನೋಡಿದರೆ ಕಡುಹಸಿರು, ಚೆಂಡು ತಡೆಯುತ್ತದೆ. ಅದನ್ನು ಓದುವುದು ಕ್ಯಾಡಿಗಳ ವಿದ್ಯೆ. ಅಲ್ಲಿ ಆಟಗಾರನಿಗೊಬ್ಬ ಕ್ಯಾಡಿ ಕಡ್ಡಾಯ, ಹೆಚ್ಚಿನವರು ಹೆಣ್ಣುಮಕ್ಕಳು. ತೋಳು, ಕತ್ತು, ಮುಖ ಎಲ್ಲ ಬಟ್ಟೆಯಲ್ಲಿ ಮುಚ್ಚಿ ಕಣ್ಣು ಮಾತ್ರ ಕಾಣುವಂತೆ ನಿಂತಿರುತ್ತಾರೆ, ಅಂಗಿಯ ಮೇಲೆ ಒಂದು ಸಂಖ್ಯೆ. ಮೊದಲ ಸಲ ಅವರು ತೋರಿಸಿದ ಗೆರೆ ಬಿಟ್ಟು ನಮ್ಮ ಗೆರೆಯನ್ನೇ ನಂಬಿದ್ದೆವು. ಈ ಸಲ ಬಾಯಿ ಮುಚ್ಚಿ ಕೇಳಿದೆವು. ಕ್ಯಾಡಿ ಶುಲ್ಕ ಕ್ಲಬ್ಬಿಗೆ ಕಟ್ಟುತ್ತೇವೆ, ಆದರೆ ಅವರ ಮನೆ ನಡೆಯುವುದು ಕೊನೆಗೆ ಕೈಗೆ ಕೊಡುವ ಹಣದಿಂದ. ನಾವು ನಾನೂರು ಬಾತ್ ಕೊಟ್ಟೆವು, ನೋಟಿನಲ್ಲಿ, ಅವರ ಕೈಗೇ.

ಭಾವನನ್ನು ಬದುಕಿಸಿದವಳ ಸಂಖ್ಯೆ ಅಕ್ಕ ಬರೆದಿಟ್ಟುಕೊಂಡಿದ್ದಳು. ಆ ಕೋರ್ಸಿಗೆ ಮೊದಲೇ ಬರೆದು ಅದೇ ಸಂಖ್ಯೆ ಬೇಕೆಂದು ಕೇಳಿದೆವು. ಬೆಳಿಗ್ಗೆ ಅವಳು ಸಾಲಿನಲ್ಲಿ ನಿಂತಿದ್ದಳು. ಭಾವನನ್ನು ನೋಡಿ ಎರಡೂ ಕೈ ಜೋಡಿಸಿದಳು. ಅಕ್ಕ ಮೈಸೂರಿನಿಂದ ತಂದಿದ್ದ ರೇಷ್ಮೆ ಶಾಲನ್ನು ಅವಳ ಕೈಗಿಟ್ಟಳು. ಒಬ್ಬರ ಭಾಷೆ ಇನ್ನೊಬ್ಬರಿಗೆ ಬರುತ್ತಿರಲಿಲ್ಲ.

ಕೊನೆಯ ರೌಂಡನ್ನು ರಾಯಲ್ ಹುವಾ ಹಿನ್‌ಗೆ ಇಟ್ಟುಕೊಂಡಿದ್ದೆವು. 1924ರಲ್ಲಿ ಶುರುವಾದ ಹಳೆಯ ಕೋರ್ಸು, ರೈಲು ನಿಲ್ದಾಣಕ್ಕೆ ಅಂಟಿಕೊಂಡೇ ಇದೆ. ಅದನ್ನು ರೂಪಿಸಿದವರು ರೈಲ್ವೆಯಲ್ಲಿದ್ದ ಒಬ್ಬ ಸ್ಕಾಟ್ಲೆಂಡಿನ ಎಂಜಿನಿಯರು. ದೊಡ್ಡ ಮರಗಳು, ಬೇಕಾದಷ್ಟು ನೆರಳು. ಹದಿನಾಲ್ಕನೆಯ ಹೋಲ್ ಮುಗಿದಾಗ ಹತ್ತೂವರೆ. ಭಾವ ಗ್ಲೌಸು ಬಿಚ್ಚಿ ಜೇಬಿಗಿಟ್ಟು, "ನನಗೆ ಇಷ್ಟು ಸಾಕು, ನೀವು ಆಡಿ ಬನ್ನಿ" ಎಂದರು. ಯಾರೂ ಏಕೆ ಎನ್ನಲಿಲ್ಲ. ಉಳಿದಿಬ್ಬರು ಮುಂದೆ ಹೋದರು. ನಾನು ಕ್ಲಬ್ಬನ್ನು ಬ್ಯಾಗಿಗಿಳಿಸಿ ಅವರ ಪಕ್ಕ ಕೂತೆ. ಅವರು ಕುಡಿಯುತ್ತಿದ್ದ ಎಳನೀರನ್ನು ನನ್ನತ್ತ ಚಾಚಿದರು. ಮರಗಳ ಆಚೆ ದಕ್ಷಿಣಕ್ಕೆ ಹೋಗುವ ರೈಲು ನಿಧಾನ ಹೊರಟಿತ್ತು.