ಮಾರ್ಕ 16ರ ಕೊನೆಯ ಹನ್ನೆರಡು ವಚನಗಳು: ಆ ಬ್ರಾಕೆಟ್ ಯಾಕೆ?

ಬೈಬಲ್ ತಂದಿರೋರು ಬೈಬಲ್ ತೆಗೀರಿ, ಮೊಬೈಲ್‌ನಲ್ಲಿ ಓದೋರು ಆ್ಯಪ್ ತೆಗೀರಿ. ಮಾರ್ಕನು ಬರೆದ ಸುವಾರ್ತೆ, 16ನೇ ಅಧ್ಯಾಯ. ಇಂಗ್ಲಿಷ್ ಎನ್.ಐ.ವಿ. ಇಟ್ಟುಕೊಂಡಿರೋರು 8ನೇ ವಚನ ಮುಗಿದ ಕೂಡಲೇ ಅಲ್ಲಿರೋ ಟಿಪ್ಪಣಿ ನೋಡಿ. ಅತಿ ಹಳೆಯ ಹಸ್ತಪ್ರತಿಗಳಲ್ಲಿ 9ರಿಂದ 20ರವರೆಗಿನ ವಚನಗಳು ಇಲ್ಲ ಅನ್ನೋದು ಅದರ ಅರ್ಥ. ಇ.ಎಸ್.ವಿ.ಯಲ್ಲಿ ಆ ಇಡೀ ಭಾಗವನ್ನು ಜೋಡಿ ಬ್ರಾಕೆಟ್ ಒಳಗೆ ಹಾಕಿದ್ದಾರೆ.

ಇದರ ಬಗ್ಗೆ ನಿಮ್ಮಲ್ಲಿ ಇಬ್ಬರು ನನಗೆ ಮೆಸೇಜ್ ಮಾಡಿದ್ರಿ. ಒಬ್ಬ ತಮ್ಮ ಯಾವುದೋ ಯೂಟ್ಯೂಬ್ ವಿಡಿಯೋ ನೋಡಿ, "ಪಾಸ್ಟರ್, ಬೈಬಲನ್ನೇ ತಿದ್ದಿಬಿಟ್ಟಿದ್ದಾರಂತೆ, ಹೌದಾ?" ಅಂತ ಕೇಳಿದ. ಒಬ್ಬ ತಂಗಿಯ ಪ್ರಶ್ನೆ ಬೇರೆ. ಅವಳ ಅಮ್ಮ ಬಿ.ಪಿ. ಮಾತ್ರೆ ನಿಲ್ಲಿಸಿದ್ದಾರೆ. ಕೇಳಿದರೆ 18ನೇ ವಚನ ತೋರಿಸ್ತಾರೆ, ರೋಗಿಗಳ ಮೇಲೆ ಕೈಯಿಟ್ಟರೆ ಗುಣವಾಗ್ತಾರೆ ಅಂತ. ಅವಳನ್ನು ಕೇಳಿಯೇ ಇಲ್ಲಿ ಹೇಳ್ತಾ ಇದ್ದೇನೆ. ಈ ಎರಡು ಪ್ರಶ್ನೆಗಳಿಗೂ ಉತ್ತರ ಒಂದೇ ಕಡೆ ಇದೆ. ಸ್ವಲ್ಪ ತಾಳ್ಮೆ ಬೇಕು, ಇವತ್ತು ಪಾಠ ಜಾಸ್ತಿ, ಪ್ರಸಂಗ ಕಮ್ಮಿ.

ಮಾರ್ಕ ತನ್ನ ಕೈಯಿಂದ ಬರೆದ ಪ್ರತಿ ಇವತ್ತು ಯಾರ ಹತ್ತಿರವೂ ಇಲ್ಲ. ಇರೋದು ಪ್ರತಿಯ ಪ್ರತಿಗಳು. ಕಾಲೇಜಲ್ಲಿ ಕನ್ನಡ ಓದಿದವರಿಗೆ 'ಪಾಠಾಂತರ' ಅನ್ನೋ ಮಾತು ಗೊತ್ತಿರುತ್ತೆ. ಹಳಗನ್ನಡ ಕಾವ್ಯಗಳ ತಾಳೆಗರಿಗಳನ್ನು ಪಕ್ಕಪಕ್ಕ ಇಟ್ಟು, ಯಾವುದರಲ್ಲಿ ಏನಿದೆ ಅಂತ ಹೋಲಿಸಿ ನೋಡ್ತಾರಲ್ಲ, ಅದೇ ಕೆಲಸವನ್ನು ಹೊಸ ಒಡಂಬಡಿಕೆಯ ಗ್ರೀಕ್ ಹಸ್ತಪ್ರತಿಗಳ ಮೇಲೂ ಮಾಡ್ತಾರೆ.

ಮಾರ್ಕ 16ನೇ ಅಧ್ಯಾಯ ಇರುವ ನಮ್ಮ ಅತಿ ಹಳೆಯ ಗ್ರೀಕ್ ಪ್ರತಿಗಳು ಎರಡು, ಎರಡೂ 4ನೇ ಶತಮಾನದವು. ಒಂದು ವ್ಯಾಟಿಕನ್ ಗ್ರಂಥಾಲಯದಲ್ಲಿರುವ ಕೋಡೆಕ್ಸ್ ವ್ಯಾಟಿಕಾನಸ್. ಇನ್ನೊಂದು ಸೀನಾಯ್ ಬೆಟ್ಟದ ಬುಡದಲ್ಲಿರುವ ಸೇಂಟ್ ಕ್ಯಾಥರೀನ್ ಮಠದಲ್ಲಿ ಸಿಕ್ಕಿದ ಕೋಡೆಕ್ಸ್ ಸೈನಾಯಿಟಿಕಸ್. ಇದರ ಹೆಚ್ಚಿನ ಹಾಳೆಗಳು ಈಗ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ. 2009ರಿಂದ ಇದರ ಪುಟಗಳು ಇಂಟರ್ನೆಟ್‌ನಲ್ಲೂ ಇವೆ, ನಿಮ್ಮ ಫೋನಿನಲ್ಲೇ ನೋಡಬಹುದು. ಎರಡರಲ್ಲೂ ಮಾರ್ಕನ ಸುವಾರ್ತೆ 8ನೇ ವಚನಕ್ಕೆ ನಿಲ್ಲುತ್ತೆ. ಸ್ತ್ರೀಯರು ಸಮಾಧಿಯಿಂದ ನಡುಗುತ್ತಾ ಓಡಿಹೋದರು, ಯಾರಿಗೂ ಏನೂ ಹೇಳಲಿಲ್ಲ. ಅಷ್ಟೇ. ವ್ಯಾಟಿಕಾನಸ್‌ನಲ್ಲಿ ಅದಾದ ಮೇಲೆ ಒಂದು ಇಡೀ ಕಾಲಂ ಖಾಲಿ ಇದೆ. ಬರೆದವನ ಮನಸ್ಸಿನಲ್ಲಿ ಏನಿತ್ತೋ!

ಹಾಗಂತ ಈ ಹನ್ನೆರಡು ವಚನಗಳನ್ನು ನಿನ್ನೆ ಮೊನ್ನೆ ಯಾರೋ ಸೇರಿಸಿದ್ದು ಅಂತ ತಿಳ್ಕೋಬೇಡಿ. ಇವತ್ತು ಫ್ರಾನ್ಸಿನಲ್ಲಿರುವ ಲಿಯಾನ್ ಪಟ್ಟಣದ ಬಿಷಪ್ ಐರೇನಿಯಸ್ ಸುಮಾರು ಕ್ರಿ.ಶ. 180ರಲ್ಲೇ 19ನೇ ವಚನವನ್ನು ಮಾರ್ಕನ ಕೊನೆಯ ಮಾತು ಅಂತ ಎತ್ತಿ ಹೇಳಿದ್ದಾನೆ. ನಂತರದ ಗ್ರೀಕ್ ಪ್ರತಿಗಳಲ್ಲಿ ಹೆಚ್ಚುಕಡಿಮೆ ಎಲ್ಲದರಲ್ಲೂ ಈ ಭಾಗ ಇದೆ. ಆದರೆ 4ನೇ ಶತಮಾನದಲ್ಲಿ ಕೈಸರೈಯದ ಯುಸೇಬಿಯಸ್, ನಿಖರವಾದ ಪ್ರತಿಗಳು ಸ್ತ್ರೀಯರ ಭಯದ ಹತ್ತಿರವೇ ಮುಗಿಯುತ್ತವೆ ಅಂತ ಬರೆದ. ಅಂದರೆ ನಿಮ್ಮ ಯೂಟ್ಯೂಬ್ ಅಣ್ಣ ಇದನ್ನು ಬಯಲಿಗೆಳೆದದ್ದಲ್ಲ. ಸಭೆಗೆ ಇದು 1,600 ವರ್ಷಕ್ಕೂ ಹಿಂದಿನಿಂದ ಗೊತ್ತಿದ್ದ ವಿಷಯ, ಯಾರೂ ಮುಚ್ಚಿಟ್ಟಿಲ್ಲ.

ಹಸ್ತಪ್ರತಿ ಬಿಡಿ, ವಾಕ್ಯವನ್ನೇ ನೋಡಿ. 16:1ರಲ್ಲಿ ಮಗ್ದಲದ ಮರಿಯಳು ಆಗಲೇ ಬಂದಿದ್ದಾಳೆ. ಆದರೂ 9ನೇ ವಚನ ಅವಳನ್ನು ಹೊಸದಾಗಿ ಪರಿಚಯ ಮಾಡುತ್ತೆ, ಏಳು ದೆವ್ವಗಳನ್ನು ಬಿಡಿಸಿಕೊಂಡವಳು ಅಂತ. 7ನೇ ವಚನದಲ್ಲಿ ಗಲಿಲಾಯದಲ್ಲಿ ಆತನನ್ನು ಕಾಣುವಿರಿ ಅನ್ನೋ ಮಾತಿದೆ, ಮುಂದೆ ಗಲಿಲಾಯದ ಸುದ್ದಿಯೇ ಇಲ್ಲ. ದಾರಿಯಲ್ಲಿ ನಡೆಯುತ್ತಿದ್ದ ಇಬ್ಬರ ವಿಷಯ ಲೂಕ 24ರಲ್ಲಿ ವಿವರವಾಗಿ ಇದೆ. ಹಾವಿನ ವಿಷಯ ಓದುವಾಗ ಮೆಲೀತೆ ದ್ವೀಪದಲ್ಲಿ ಪೌಲನ ಕೈಗೆ ಸುತ್ತಿಕೊಂಡ ಸರ್ಪ ನೆನಪಾಗುತ್ತೆ, ಅಪೊಸ್ತಲರ ಕೃತ್ಯಗಳು 28. ವಿಷ ಕುಡಿಯೋದು ಮಾತ್ರ ಹೊಸ ಒಡಂಬಡಿಕೆಯಲ್ಲಿ ಬೇರೆಲ್ಲೂ ಇಲ್ಲ. ಆದರೆ ಬಾರ್ಸಬ್ಬನೆನಿಸಿಕೊಂಡ ಯೂಸ್ತನು ವಿಷ ಕುಡಿದೂ ಬದುಕಿದ ಅನ್ನೋ ಕಥೆಯನ್ನು 2ನೇ ಶತಮಾನದ ಪಾಪಿಯಾಸ್ ಹೇಳಿದ್ದಾಗಿ ಯುಸೇಬಿಯಸ್ ಬರೆದಿದ್ದಾನೆ. ಹಾಗಾಗಿ ಮಾರ್ಕನು 8ಕ್ಕೆ ನಿಲ್ಲುವುದನ್ನು ಕಂಡ ವಿಶ್ವಾಸಿಯೊಬ್ಬನು, ಸಭೆಯಲ್ಲಿ ಗೊತ್ತಿದ್ದ ಸಾಕ್ಷಿಗಳನ್ನು ಸೇರಿಸಿ ಈ ಭಾಗ ಬರೆದ ಅನ್ನೋದು ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. ನನಗೂ ಅದೇ ಸರಿ ಅನ್ನಿಸುತ್ತೆ.

"ಪಾಸ್ಟರ್, ಇದೆಲ್ಲ ವಿಶ್ವಾಸ ಇಲ್ಲದವರ ಮಾತಲ್ವಾ?" ಅಂತ ಕೇಳ್ತೀರಿ. ಗಾರ್ಡನ್ ಫೀ ಅನ್ನೋ ಹೆಸರು ನೆನಪಿಟ್ಟುಕೊಳ್ಳಿ. ಅಸೆಂಬ್ಲೀಸ್ ಆಫ್ ಗಾಡ್ ಪಾಸ್ಟರ್ ಒಬ್ಬರ ಮಗ, ಸ್ವತಃ ಅಭಿಷಿಕ್ತ ಸೇವಕರು, ನಮ್ಮ ಹಾಗೇ ಪೆಂತೆಕೊಸ್ತಿನವರು. ಪೆಪೈರಸ್ ಹಸ್ತಪ್ರತಿಗಳ ಮೇಲೆ ಸಂಶೋಧನೆ ಮಾಡಿದವರು, ಎನ್.ಐ.ವಿ. ಅನುವಾದ ಸಮಿತಿಯಲ್ಲೂ ಇದ್ದವರು. 2022ರಲ್ಲಿ ಕರ್ತನ ಬಳಿಗೆ ಹೋದರು. ಪವಿತ್ರಾತ್ಮನ ವರಗಳನ್ನೂ ಹಸ್ತಪ್ರತಿ ಅಧ್ಯಯನವನ್ನೂ ಒಟ್ಟಿಗೆ ಹಿಡಿದುಕೊಂಡ ಮನುಷ್ಯ.

ಈಗ ನಮಗೆ ತಟ್ಟುವ ಪ್ರಶ್ನೆ. ಈ ಭಾಗ ಮಾರ್ಕನದ್ದಲ್ಲ ಅಂದ್ರೆ ನಮ್ಮ ಅನ್ಯಭಾಷೆಗೆ ಆಧಾರ ಹೋಯ್ತಾ? ಇಲ್ಲ ದೇವಜನರೇ. ಪೌಲನು ಕೊರಿಂಥದವರಿಗೆ ಮೊದಲನೆಯ ಪತ್ರಿಕೆ ಬರೆದದ್ದು ಸುಮಾರು ಕ್ರಿ.ಶ. 54ರ ಹೊತ್ತಿಗೆ. ಮಾರ್ಕನ ಸುವಾರ್ತೆ ಸುಮಾರು 70ರದ್ದು ಅಂತಾರೆ. ಅಂದರೆ ಮಾರ್ಕನು ಬರೆಯುವ ಮೊದಲೇ ಕೊರಿಂಥದ ಸಭೆ ಅನ್ಯಭಾಷೆಯಲ್ಲಿ ಪ್ರಾರ್ಥಿಸುತ್ತಿತ್ತು. ಸ್ವಲ್ಪ ಗಲಾಟೆಯಾಗಿಯೇ ಪ್ರಾರ್ಥಿಸುತ್ತಿತ್ತು, 14ನೇ ಅಧ್ಯಾಯ ಓದಿದವರಿಗೆ ಗೊತ್ತು. ಅದೇ ಪತ್ರಿಕೆಯ 15ನೇ ಅಧ್ಯಾಯದಲ್ಲಿ ಪುನರುತ್ಥಾನದ ಸಾಕ್ಷಿಗಳ ಪಟ್ಟಿಯೂ ಇದೆ. ರೋಗಿಗಳಿಗಾಗಿ ಪ್ರಾರ್ಥಿಸಲು ಯಾಕೋಬ 5:14 ಇದೆ. ಇವು ಯಾವುದೂ ಮಾರ್ಕ 16:17ರ ಮೇಲೆ ನಿಂತಿಲ್ಲ.

ಆ ಹನ್ನೆರಡು ವಚನಗಳ ಮೇಲೆ ಮಾತ್ರ ನಿಂತವರೂ ಇದ್ದಾರೆ. ಅಮೆರಿಕದ ಟೆನೆಸ್ಸೀಯಲ್ಲಿ 1910ರ ಆಸುಪಾಸಿನಲ್ಲಿ ಜಾರ್ಜ್ ಹೆನ್ಸ್‌ಲಿ ಅನ್ನೋ ಬೋಧಕ, ಈ ವಚನ ಹಿಡಿದುಕೊಂಡು ಆರಾಧನೆಯಲ್ಲೇ ವಿಷದ ಹಾವು ಎತ್ತೋದನ್ನು ಶುರು ಮಾಡಿದ. ಆ ಪದ್ಧತಿ ಅಲ್ಲಿನ ಬೆಟ್ಟದ ಸೀಮೆಗಳಲ್ಲಿ ಹರಡಿತು. 1955ರಲ್ಲಿ ಫ್ಲಾರಿಡಾದ ಒಂದು ಕೂಟದಲ್ಲಿ ಹಾವು ಕಚ್ಚಿ ಆತ ಸತ್ತ. ಚಿಕಿತ್ಸೆ ಬೇಡ ಅಂದಿದ್ದ.

ತಂಗೀ, ಅಮ್ಮನಿಗೆ ಹೇಳು. ನಾವು ಕೈಯಿಟ್ಟು ಪ್ರಾರ್ಥನೆ ಮಾಡೋದನ್ನು ನಿಲ್ಲಿಸೋದಿಲ್ಲ, ಈ ಭಾನುವಾರವೂ ಮಾಡ್ತೇವೆ. ಆದರೆ ಮಾತ್ರೆ ಬಿಡಿ ಅಂತ 18ನೇ ವಚನ ಹೇಳೋದಿಲ್ಲ, ಬ್ರಾಕೆಟ್ ಇದ್ದರೂ ಹೇಳೋದಿಲ್ಲ, ಇಲ್ಲದಿದ್ದರೂ ಹೇಳೋದಿಲ್ಲ. ತಿಮೊಥೆಯನ ಹೊಟ್ಟೆಯ ತೊಂದರೆಗೆ ಪೌಲನು ಸ್ವಲ್ಪ ದ್ರಾಕ್ಷಾರಸ ತಗೋ ಅಂದ. ತ್ರೊಫಿಮನನ್ನು ಮಿಲೇತದಲ್ಲಿ ಅಸ್ವಸ್ಥನಾಗಿಯೇ ಬಿಟ್ಟು ಬರಬೇಕಾಯ್ತು, 2 ತಿಮೊಥೆಯ 4:20. ಅವನಿಗಾಗಿ ಪೌಲನು ಪ್ರಾರ್ಥನೆ ಮಾಡಿರಲ್ವಾ? ಅಮ್ಮ ಇವತ್ತೇ ಡಾಕ್ಟರ್ ಹತ್ತಿರ ಹೋಗಲಿ. ಬೇಕಾದ್ರೆ ನಾನೂ ಬರ್ತೀನಿ.

ಇನ್ನು ಆ 8ನೇ ವಚನ. ಮಾರ್ಕನ ಕೊನೆಯ ಹಾಳೆ ಕಳೆದುಹೋಯ್ತು ಅಂತ ಕೆಲವರು ಹೇಳ್ತಾರೆ, ಬೇಕಂತಲೇ ಅಲ್ಲಿ ನಿಲ್ಲಿಸಿದ ಅಂತ ಇನ್ನು ಕೆಲವರು. ನಾನು ಎರಡನೆಯವರ ಕಡೆ. ಪ್ರಾಚೀನ ಸಂಪ್ರದಾಯದಂತೆ ಈ ಸುವಾರ್ತೆ ರೋಮಿನ ಸಭೆಗೆ ಸೇರಿದ್ದು. 64ರ ಬೆಂಕಿಯ ನಂತರ ನೀರೋ ಅಲ್ಲಿನ ವಿಶ್ವಾಸಿಗಳನ್ನು ಹಿಂಸಿಸಿ ಕೊಂದ. ಬಾಯಿ ಬಿಟ್ಟರೆ ಪ್ರಾಣ ಹೋಗುತ್ತೆ ಅನ್ನೋ ಜನರ ನಡುವೆ ಯಾರೋ ಇದನ್ನು ಗಟ್ಟಿಯಾಗಿ ಓದ್ತಿದ್ದಾರೆ ಅಂದ್ಕೊಳ್ಳಿ. ಆತನು ಎದ್ದಿದ್ದಾನೆ ಅನ್ನೋ ಸುದ್ದಿ 6ನೇ ವಚನದಲ್ಲಿ ಬಂದಾಯ್ತು. ಕೇಳಿದ ಸ್ತ್ರೀಯರು ಹೆದರಿ ಸುಮ್ಮನಾದರು. ಓದುವವನು ಸುರುಳಿ ಮುಚ್ಚಿದ. ಈಗ ಅಲ್ಲಿ ಕೂತವರು ಒಬ್ಬರ ಮುಖ ಒಬ್ಬರು ನೋಡ್ತಿದ್ದಾರೆ, ಆ ಸುದ್ದಿಯನ್ನು ಇನ್ನು ಯಾರು ಹೇಳ್ತಾರೆ ಅಂತ.

ಮುಂದಿನ ವಾರಕ್ಕೆ ಒಂದು ಕೆಲಸ. ಮಾರ್ಕನ ಸುವಾರ್ತೆಯನ್ನು ಒಂದೇ ಸಲಕ್ಕೆ ಕೂತು ಗಟ್ಟಿಯಾಗಿ ಓದಿ, ಒಂದೂವರೆ ಗಂಟೆ ಸಾಕು. 16:8ಕ್ಕೆ ನಿಲ್ಲಿಸಿ, ಐದು ನಿಮಿಷ ಫೋನ್ ಮುಟ್ಟಬೇಡಿ. ಏನನ್ನಿಸಿತು ಅಂತ ಬರೆದುಕೊಂಡು ಬನ್ನಿ. ಈಗ ಎದ್ದು ನಿಲ್ಲೋಣ, ಪ್ರಾರ್ಥನೆ ಮಾಡೋಣ.